ಜಿಂಕೆಗಾಗಿ ಬಿತ್ತಿದ ಅವರೆ

ನಾನು ವಾಸಿಸುವ ಖಲೀಫಾ ಸಿಟಿ ಅಬುಧಾಬಿಯ ಒಂದು ಬಡಾವಣೆ. ಅಬುಧಾಬಿ ಎಂಬ ಹೆಸರಿನಲ್ಲೇ ಬೇಟೆಯ ಕಥೆಯೊಂದು ಅಡಗಿದೆ. ಅರಬ್ಬಿಯಲ್ಲಿ ‘ಅಬು’ ಎಂದರೆ ತಂದೆ, ‘ಧಬಿ’ ಎಂದರೆ ಹುಲ್ಲೆ. 1761ರ ಸುಮಾರಿಗೆ ಬನಿಯಾಸ್ ಕುಲದ ಬೇಟೆಗಾರರು ಹುಲ್ಲೆಯೊಂದರ ಜಾಡು ಹಿಡಿದು ಹೋಗಿ ಇಲ್ಲಿನ ದ್ವೀಪದಲ್ಲಿ ಸಿಹಿನೀರಿನ ಸೆಲೆಯನ್ನು ಕಂಡರೆಂಬುದು ಐತಿಹ್ಯ. ಹಸಿವು ಬಾಯಾರಿಕೆಗಳು ಮೃಗವನ್ನು ಎಲ್ಲಿಗೆ ಕರೆತರುತ್ತವೆ ಎಂಬುದನ್ನು ಅರಿಯುವುದೇ ಬೇಟೆಗಾರನ ಮೊದಲ ವಿದ್ಯೆ. ಅದರ ಮುಂದಿನ ಹೆಜ್ಜೆಯೊಂದಿದೆ. ಮೃಗಕ್ಕೆ ಬೇಕಾದುದನ್ನು ನಾವೇ ಬೆಳೆದು, ಅದು ನಾವು ಬಯಸಿದ ಕಡೆಗೆ ಬರುವಂತೆ ಮಾಡುವುದು. ಈ ಎರಡನೆಯ ವಿದ್ಯೆಯನ್ನು ನಾನು ತಿಳಿದುಕೊಳ್ಳಬೇಕಾಗಿ ಬಂದದ್ದು ಊರಿನಿಂದ ಬಂದ ಒಂದು ದೂರವಾಣಿ ಕರೆಯಿಂದ.

ನನ್ನ ತಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿಗೆ ಅನತಿದೂರದ ನಮ್ಮ ಹಳೆಯ ಜಮೀನಿನಲ್ಲಿ, ಸಾಲ ಮಾಡಿ ನಾಲ್ಕು ಕೋಣೆಗಳ ಹೋಮ್‌ಸ್ಟೇ ಕಟ್ಟಿದ್ದಾನೆ. “ಅಣ್ಣಾ, ಎರಡು ದಿನ ಇದ್ದು ಒಂದು ಜಿಂಕೇನೂ ಕಾಣ್ಲಿಲ್ಲ ಅಂತ ಬಂದೋರು ಗೊಣಗ್ತಾರೆ. ಹಿಂದಿನ ಒಂದೂವರೆ ಎಕರೇಲಿ ಏನಾದ್ರೂ ಬಿತ್ತಿದ್ರೆ ಅವು ಬರಲ್ವಾ? ಫಾರಿನ್‌ನಲ್ಲಿ ಹಂಗೆ ಮಾಡ್ತಾರಂತೆ, ನೀನು ಸ್ವಲ್ಪ ವಿಚಾರಿಸು” ಎಂದ. ಸಾಲದ ಕಂತು ಅವನ ತಲೆಯ ಮೇಲಿತ್ತು. ಹಗುರವಾಗಿ ಉತ್ತರಿಸುವಂತಿರಲಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಟೆಕ್ಸಸ್‌ನಿಂದ ಬಂದ ವೈದ್ಯರೊಬ್ಬರಿದ್ದಾರೆ. ಅವರಿಗೆ ತವರಿನಲ್ಲಿ ಒಂದಿಷ್ಟು ಜಮೀನೂ ಬೇಟೆಯ ಹವ್ಯಾಸವೂ ಉಂಟು. ವಿಷಯ ಕೇಳಿ ಅವರು ತಮ್ಮ ಹೊಲದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದರು. ಮೂರು ಎಲೆಗಳ ಗೊಂಚಲು, ನೇರಳೆ ಹೂವು, ಚಪ್ಪಟೆ ಕಾಯಿ. ನೋಡಿದೊಡನೆ ಗುರುತು ಸಿಕ್ಕಿತು. ಅದು ನಮ್ಮ ಅವರೆ!

ಅಮೆರಿಕದಲ್ಲಿ ಅದಕ್ಕೆ ಲ್ಯಾಬ್‌ಲ್ಯಾಬ್ ಎಂದು ಹೆಸರು. ಬೀಜಗಳು ಅಲ್ಲಿಗೆ ಹಲವು ಸುತ್ತು ಹಾಕಿ ತಲುಪಿವೆ. ಕೀನ್ಯಾದ ರೊಂಗಾಯ್ ಪ್ರದೇಶದ ತಳಿಯೊಂದೂ ದಕ್ಷಿಣ ಭಾರತದ ಮೂಲದ ಹೈವರ್ತ್ ಎಂಬ ತಳಿಯೂ ಮೊದಲು ಆಸ್ಟ್ರೇಲಿಯಾದಲ್ಲಿ ದನಗಳ ಮೇವಾಗಿ ಪ್ರಸಿದ್ಧವಾದವು. ಮುಂದೆ ಟೆಕ್ಸಸ್‌ನ ಓವರ್ಟನ್ ಸಂಶೋಧನಾ ಕೇಂದ್ರ ‘ರಿಯೋ ವರ್ಡೆ’ ಎಂಬ ತಳಿಯನ್ನು ರೂಪಿಸಿತು. ನಾವು ಹಿತಕಿ ಸಾರು ಮಾಡುವ ಕಾಳಿನ ಸಸ್ಯ ಅಲ್ಲಿ ಜಿಂಕೆಯ ಮೇವು.

ಹೀಗೆ ವನ್ಯಮೃಗಗಳಿಗೆಂದೇ ಬಿತ್ತಿದ ನೆಲವನ್ನು ‘ಮೇವಿನ ತಾಕು’ ಎಂದು ಕರೆಯೋಣ. ಅದರಲ್ಲಿ ಎರಡು ಬಗೆ. ಹಲವು ಎಕರೆಗಳಷ್ಟು ವಿಸ್ತಾರವಾಗಿ, ಜಿಂಕೆಗಳ ಪೋಷಣೆಗಾಗಿ ಬೆಳೆಸುವುದು ಒಂದು. ಮರಗಳ ಮರೆಯ ಪಕ್ಕದಲ್ಲಿ ಕಾಲೋ ಅರ್ಧವೋ ಎಕರೆಯಲ್ಲಿ, ಅಟ್ಟಣೆಯಿಂದ ಗುರಿಯಿಡಲು ಅನುಕೂಲವಾಗುವಂತೆ ಬಿತ್ತುವುದು ಇನ್ನೊಂದು. ಮೊದಲನೆಯದು ಜಿಂಕೆಯನ್ನು ಪುಷ್ಟಗೊಳಿಸುತ್ತದೆ. ಎರಡನೆಯದು ಬೇಟೆಗಾರನೆದುರು ತಂದು ನಿಲ್ಲಿಸುತ್ತದೆ. ನುರಿತವರು ಎರಡನ್ನೂ ಜೋಡಿಸುತ್ತಾರೆ.

ಬಿತ್ತನೆಯ ಕ್ರಮ ಋತುಮಾನಕ್ಕೆ ತಕ್ಕಂತೆ ಸಾಗುತ್ತದೆ. ಅಲ್ಲಿನ ಬಿಳಿಬಾಲದ ಜಿಂಕೆಯ ಗಂಡಿಗೆ ಪ್ರತಿವರ್ಷ ಹಳೆಯ ಕೊಂಬು ಉದುರಿ, ವಸಂತದಿಂದ ಬೇಸಿಗೆಯವರೆಗೆ ಹೊಸದು ಬೆಳೆಯುತ್ತದೆ. ಹೆಣ್ಣು ಮರಿಗೆ ಹಾಲೂಡುವುದೂ ಬೇಸಿಗೆಯಲ್ಲೇ. ಎರಡಕ್ಕೂ ಪ್ರೊಟೀನು ಬೇಕು; ಮೇವಿನಲ್ಲಿ ಅದು ನೂರಕ್ಕೆ 16ರಷ್ಟಾದರೂ ಇರಲಿ ಎಂಬುದು ಅಲ್ಲಿಯವರ ಲೆಕ್ಕ. ಆದ್ದರಿಂದ ವಸಂತದ ಕೊನೆಗೆ ಅವರೆ, ಅಲಸಂದೆ, ಸೋಯಾಗಳನ್ನು ಬಿತ್ತುತ್ತಾರೆ. ಅವರೆಗೆ ಇಲ್ಲೊಂದು ವಿಶೇಷ ಗುಣವಿದೆ. ಹಳೆಯ ತಳಿಗಳು ಹಗಲು ಕಿರಿದಾದಾಗ ಮಾತ್ರ ಹೂಬಿಡುತ್ತವೆ. ನಮ್ಮಲ್ಲಿ ಮಾಗಿಯ ಹೊತ್ತಿಗೆ ಕಾಯಿ ತುಂಬುವುದು ಇದರಿಂದಲೇ. ಟೆಕ್ಸಸ್‌ನ ದೀರ್ಘವಾದ ಬೇಸಿಗೆಯ ಹಗಲುಗಳಲ್ಲಿ ಬಳ್ಳಿ ಹೂವಿಗೆ ಹೋಗದೆ ತಿಂಗಳುಗಟ್ಟಲೆ ಎಲೆಯನ್ನೇ ಚಿಗುರಿಸುತ್ತಿರುತ್ತದೆ. ಜಿಂಕೆಗೆ ಬೇಕಾದದ್ದೂ ಎಲೆಯೇ.

ಆದರೆ ಮೊದಲ ಹಿಮಕ್ಕೆ ಅವರೆ ಕರಕಲಾಗುತ್ತದೆ. ಬೇಟೆಯ ಕಾಲವಾದರೋ ಬಹುತೇಕ ರಾಜ್ಯಗಳಲ್ಲಿ ಶರತ್ಕಾಲದಿಂದ ಚಳಿಗಾಲದವರೆಗಿನದು. ಜಿಂಕೆಗಳು ಬೆದೆಗೆ ಬರುವ ನವೆಂಬರ್ ಅದರ ನಡುವೆ ಬೀಳುತ್ತದೆ. ಅದಕ್ಕಾಗಿ ಬೇಸಿಗೆಯ ಕೊನೆಯಲ್ಲಿ ಮತ್ತೊಮ್ಮೆ ಬಿತ್ತನೆ ನಡೆಯುತ್ತದೆ. ಓಟ್ಸ್, ಗೋಧಿ, ರೈಗಳ ಎಳೆಯ ಪೈರು ಬೇಟೆಯ ಆರಂಭದ ವಾರಗಳಿಗೆ ಒದಗುತ್ತದೆ. ಕ್ಲೋವರ್ ಎಂಬ ಮೇವಿನ ಸೊಪ್ಪು ನಿಧಾನವಾಗಿ ಬೇರೂರಿ ಮುಂದಿನ ವಸಂತಕ್ಕೂ ಉಳಿಯುತ್ತದೆ. ಟರ್ನಿಪ್ ಮತ್ತು ಎಲೆಕೋಸಿನ ಜಾತಿಯ ಸೊಪ್ಪುಗಳನ್ನು ಜಿಂಕೆಗಳು ಮೊದಮೊದಲು ಹೆಚ್ಚಾಗಿ ಮೂಸಿ ಬಿಟ್ಟುಹೋಗುತ್ತವೆ. ಹಿಮ ಬಿದ್ದು ಎಲೆಯಲ್ಲಿ ಸಕ್ಕರೆಯ ಅಂಶ ಏರಿದ ಮೇಲೆ ಅವನ್ನೇ ಹುಡುಕಿಕೊಂಡು ಬರುತ್ತವೆ. ಹೀಗೆ ಒಂದು ಮುಗಿಯುವಾಗ ಇನ್ನೊಂದು ಸಿದ್ಧವಿದ್ದರೆ ಜಿಂಕೆ ಆ ನೆಲವನ್ನು ಬಿಟ್ಟು ಹೋಗದು. ಬಿತ್ತುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ, ಹುಳಿ ಹೆಚ್ಚಿದ್ದರೆ ಸುಣ್ಣ ಬೆರೆಸುತ್ತಾರೆ. ಎಳೆಯ ಅವರೆಯನ್ನು ಜಿಂಕೆಗಳು ಬುಡಸಮೇತ ಮೇಯದಂತೆ ಕೆಲವು ವಾರ ಬೇಲಿ ಕಟ್ಟುತ್ತಾರೆ. ಅಟ್ಟಣೆಯನ್ನು ಗಾಳಿ ಬೀಸುವ ದಿಕ್ಕು ನೋಡಿ ನಿಲ್ಲಿಸುತ್ತಾರೆ. ಮನುಷ್ಯನ ವಾಸನೆ ತಾಕಿನತ್ತ ಸುಳಿದರೆ ಇಡೀ ವರ್ಷದ ದುಡಿಮೆ ವ್ಯರ್ಥ.

ಈ ವಿದ್ಯೆಯಲ್ಲಿ ವೈದ್ಯನಾಗಿ ನನ್ನ ಗಮನ ಸೆಳೆದದ್ದು ಜಿಂಕೆಯ ಹೊಟ್ಟೆ. ಅದು ಮೆಲುಕು ಹಾಕುವ ಪ್ರಾಣಿ. ಹೊಟ್ಟೆಯ ಮೊದಲ ಚೀಲದಲ್ಲಿರುವ ಸೂಕ್ಷ್ಮಜೀವಿಗಳೇ ಅದರ ನಿಜವಾದ ಅಡುಗೆಯವರು. ಮೇವು ಬದಲಾದರೆ ಆ ಸೂಕ್ಷ್ಮಜೀವಿಗಳ ಸಮುದಾಯವೂ ಬದಲಾಗಬೇಕು. ಅದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಚಳಿಗಾಲದಲ್ಲಿ ಕಡ್ಡಿ ತೊಗಟೆ ತಿಂದು ಬದುಕಿದ ಜಿಂಕೆಗೆ ಯಾರೋ ಕನಿಕರದಿಂದ ಮೆಕ್ಕೆಜೋಳದ ರಾಶಿ ಸುರಿದರೆ, ಪಿಷ್ಟ ಒಮ್ಮೆಗೇ ಹುದುಗಿ ಲ್ಯಾಕ್ಟಿಕ್ ಆಮ್ಲ ಉಕ್ಕುತ್ತದೆ. ರಕ್ತದಲ್ಲಿನ ನೀರು ಹೊಟ್ಟೆಗೆ ಇಳಿದು, ಆಮ್ಲ ರಕ್ತಕ್ಕೆ ಏರಿ, ಹೊಟ್ಟೆ ತುಂಬಿರುವಾಗಲೇ ಪ್ರಾಣಿ ಒಂದೆರಡು ದಿನಗಳಲ್ಲಿ ಸಾಯಬಹುದು. ಹಸಿರು ತಾಕಿನಲ್ಲಿ ಈ ಅಪಾಯ ಕಡಿಮೆ, ಏಕೆಂದರೆ ಅದು ನಿಧಾನವಾಗಿ ಬೆಳೆಯುತ್ತದೆ, ಜಿಂಕೆಯೂ ನಿಧಾನವಾಗಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಎರಡನೆಯ ಆತಂಕ ಗುಂಪುಗೂಡುವಿಕೆಯದು. ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೆಮ್ಮುವವರನ್ನು ಒತ್ತೊತ್ತಾಗಿ ಕೂರಿಸಿದರೆ ಏನಾಗುವುದೆಂದು ನಾವೆಲ್ಲ ಬಲ್ಲೆವು. ಮಿಷಿಗನ್ ರಾಜ್ಯದಲ್ಲಿ 1994ರಲ್ಲಿ ಬೇಟೆಯಾದ ಜಿಂಕೆಯೊಂದರಲ್ಲಿ ದನಗಳ ಕ್ಷಯ ಪತ್ತೆಯಾಯಿತು. ಹುಡುಕುತ್ತ ಹೋದಂತೆ ಅದು ಕಾಡಿನ ಜಿಂಕೆಗಳಲ್ಲಿ ನೆಲೆಯೂರಿರುವುದು ತಿಳಿಯಿತು. ಮೇವು ರಾಶಿ ಹಾಕುವ ಪದ್ಧತಿ ಅದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ತೀರ್ಮಾನವಾಗಿ ನಿರ್ಬಂಧ ಬಂತು. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಗಮನಕ್ಕೆ ಬಂದ, ಜಿಂಕೆಗಳು ಸೊರಗಿ ಸಾಯುವ ಪ್ರಿಯಾನ್ ರೋಗ ಇಂದು ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಅದಕ್ಕೆ ಚಿಕಿತ್ಸೆಯಿಲ್ಲ, ಜೊಲ್ಲು ಮತ್ತು ಮಲಮೂತ್ರಗಳಿಂದ ಮಣ್ಣಿಗೆ ಸೇರಿದ ಪ್ರಿಯಾನ್ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ತಗಲಿದ ಖಚಿತ ಉದಾಹರಣೆ ಈವರೆಗೆ ಇಲ್ಲ. ರೋಗವಿರುವ ವಲಯಗಳಲ್ಲಿ ಧಾನ್ಯದ ರಾಶಿ ಹಾಕುವುದನ್ನು ಹಲವು ರಾಜ್ಯಗಳು ನಿಷೇಧಿಸಿವೆ. ಬಿತ್ತಿದ ತಾಕನ್ನು ಸಾಮಾನ್ಯವಾಗಿ ಬೇಸಾಯವೆಂದೇ ಪರಿಗಣಿಸುತ್ತಾರೆ, ಏಕೆಂದರೆ ಅಲ್ಲಿ ಮೂತಿಗಳು ಒಂದೇ ಬೋಗುಣಿಯಲ್ಲಿ ಸೇರದೆ ಎಕರೆಗಟ್ಟಲೆ ಚದುರಿರುತ್ತವೆ.

ಅಮೆರಿಕದಲ್ಲಿ ಈ ವ್ಯವಸ್ಥೆಗೆ ಅದರದೇ ತರ್ಕವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿತಿಯಿಲ್ಲದ ಬೇಟೆಯಿಂದ ಕೆಲವು ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳು ಈಗ ಸುಮಾರು ಮೂರು ಕೋಟಿ. ಅವನ್ನು ತಿನ್ನುತ್ತಿದ್ದ ತೋಳ ಮತ್ತು ಪ್ಯೂಮಾಗಳನ್ನು ಬಹುಪಾಲು ಪ್ರದೇಶಗಳಿಂದ ಮನುಷ್ಯನೇ ಅಳಿಸಿದ. ಆ ಸ್ಥಾನವನ್ನು ಪರವಾನಗಿ ಪಡೆದ ಬೇಟೆಗಾರ ತುಂಬುತ್ತಿದ್ದಾನೆ. 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಅಲ್ಲಿ ತಾಕು ಬಿತ್ತುವವನು ಕೊಯ್ಯುವವನೂ ಹೌದು.

ನಾನಿರುವ ಈ ಮರಳುನಾಡಿನಲ್ಲಿ ಮೇವಿನ ಅರ್ಥವೇ ಬೇರೆ. ಶೇಖ್ ಝಾಯೆದ್ ಅವರು ಸರ್ ಬನಿಯಾಸ್ ದ್ವೀಪವನ್ನು ವನ್ಯಧಾಮವಾಗಿಸಿ ಹುಲ್ಲೆಗಳನ್ನೂ ಅರೇಬಿಯನ್ ಓರಿಕ್ಸ್‌ಗಳನ್ನೂ ಬೆಳೆಸಿದರು. 1972ರ ಹೊತ್ತಿಗೆ ಕಾಡಿನಲ್ಲಿ ಪೂರ್ತಿ ಅಳಿದಿದ್ದ ಓರಿಕ್ಸ್ ಮರಳಿದ್ದು ಇಂಥ ಆರೈಕೆಯಿಂದ. ಇಲ್ಲಿ ಮೇವು ಹಾಕುವುದು ಪ್ರಾಣಿಯನ್ನು ಉಳಿಸಿಕೊಳ್ಳಲಿಕ್ಕೆ. ಅದರ ಬೆಲೆಯನ್ನು ನೀರಿನಲ್ಲಿ ತೆರಬೇಕು.

ಇನ್ನು ನಮ್ಮೂರಿನ ಪ್ರಶ್ನೆ. ಮೃಗವನ್ನು ಆಮಿಷದಿಂದ ಸೆಳೆಯುವುದು ಕನ್ನಡ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೂ ಮೀನು ಹಿಡಿಯುವುದಕ್ಕೂ ಪ್ರತ್ಯೇಕ ಭಾಗಗಳಿವೆ, ಮೀನಿಗೆ ಒಡ್ಡುವ ಎರೆಗಳ ವಿವರವೂ ಅಲ್ಲಿದೆ. ಆದರೆ ಇಂದಿನ ನಿಯಮ ಬೇರೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದಷ್ಟೇ ನಮಗೆ ಗೊತ್ತು. ‘ಬೇಟೆ’ ಎಂಬ ಪದಕ್ಕೆ ಆ ಕಾಯ್ದೆ ಕೊಡುವ ವ್ಯಾಖ್ಯೆಯಲ್ಲಿ ಕೊಲ್ಲುವುದರ ಜೊತೆಗೆ ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು ಕೂಡ ಸೇರಿದೆ. ತಮ್ಮನ ಕೈಯಲ್ಲಿ ಕ್ಯಾಮೆರಾ ಮಾತ್ರ ಇದೆ, ನಿಜ. ಆದರೂ ಜಿಂಕೆಯನ್ನು ಸೆಳೆಯಲೆಂದೇ ಬಿತ್ತಿದ್ದೇನೆ ಎಂದು ಅತಿಥಿಗಳಿಗೆ ಹೇಳಿಕೊಳ್ಳುವವನು ಕಾನೂನಿನ ಅಂಚಿನಲ್ಲಿ ನಿಂತಿರುತ್ತಾನೆ.

ಕಾನೂನನ್ನು ಬದಿಗಿಟ್ಟರೂ ಲೆಕ್ಕ ಕೂಡುವುದಿಲ್ಲ. ನಮ್ಮ ಚುಕ್ಕೆಜಿಂಕೆ ಮುಖ್ಯವಾಗಿ ಹುಲ್ಲು ಮೇಯುವ ಪ್ರಾಣಿ. ಬೇಸಿಗೆಯಲ್ಲಿ ಕಬಿನಿಯ ನೀರು ಇಳಿದಾಗ ದಡದಲ್ಲಿ ಚಿಗುರುವ ಹುಲ್ಲು, ನಾಗರಹೊಳೆಯ ಹಡ್ಲುಗಳು, ಮುಸುವಗಳು ಮರದಿಂದ ಕೆಡಹುವ ಎಲೆ ಕಾಯಿಗಳು, ಇವೆಲ್ಲ ಅದಕ್ಕೆ ಕಾಡೇ ಹಾಸಿಕೊಟ್ಟ ಮೇವಿನ ತಾಕುಗಳು. ಟೆಕ್ಸಸ್‌ನ ಹೊಲಕ್ಕೆ ಜಿಂಕೆಯ ಹಿಂದೆ ಬೇಟೆಗಾರ ಬರುತ್ತಾನೆ. ನಮ್ಮ ಹೊಲಕ್ಕೆ ಚಿರತೆಯೂ ಹುಲಿಯೂ ಬಂದಾವು. ಅವರೆಯ ವಾಸನೆ ಕಾಡುಹಂದಿಗೂ ಆನೆಗೂ ಪ್ರಿಯ. ಅವು ತಮ್ಮನ ಒಂದೂವರೆ ಎಕರೆಗೆ ನಿಲ್ಲದೆ ಪಕ್ಕದವರ ರಾಗಿಗೂ ನುಗ್ಗುತ್ತವೆ. ಬೆಳೆ ಕಳೆದುಕೊಂಡ ನೆರೆಯವ ಉರುಳನ್ನೋ ಕಳ್ಳ ವಿದ್ಯುತ್ ತಂತಿಯನ್ನೋ ಹಾಕಿದರೆ, ಆ ಸಾವಿನಲ್ಲಿ ಬಿತ್ತಿದವನ ಪಾಲೂ ಇರುತ್ತದೆ.

ಕೊನೆಯದಾಗಿ ಉಣ್ಣೆಗಳು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡಿತು. ಅದನ್ನು ಹರಡುವ ಉಣ್ಣೆಗಳು ಬಲಿತ ಮೇಲೆ ದನ ಜಿಂಕೆಗಳಂಥ ದೊಡ್ಡ ಪ್ರಾಣಿಗಳ ರಕ್ತ ಹೀರಿ ಸಂತಾನ ಬೆಳೆಸುತ್ತವೆ; ಮನುಷ್ಯನಿಗೆ ಕಚ್ಚುವುದು ಹೆಚ್ಚಾಗಿ ಎಳೆಯವು. ಮಕ್ಕಳು ಬರಿಗಾಲಲ್ಲಿ ಓಡಾಡುವ ಹಿತ್ತಿಲಿನ ಅಂಚಿಗೆ ಜಿಂಕೆಗಳನ್ನು ದಿನವೂ ಕರೆಯಬೇಕೆಂದು ಯಾವ ವೈದ್ಯನೂ ಹೇಳಲಾರ.

ಇದೆಲ್ಲವನ್ನೂ ಒಂದು ರಾತ್ರಿ ಅವನಿಗೆ ವಿವರಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. “ಹಂಗಾದ್ರೆ ಬಂದೋರಿಗೆ ಏನು ತೋರಿಸ್ಲಿ ಅಣ್ಣಾ?” ಎಂದ. ಆ ಪ್ರಶ್ನೆ ನ್ಯಾಯವಾದದ್ದೇ. ಬೆಳಗಿನ ಜಾವ ಹಿನ್ನೀರಿನ ದಡಕ್ಕೆ ದೂರದರ್ಶಕ ಹಿಡಿದು ಕರೆದೊಯ್ಯುವುದು, ಮೃಗ ಕಾಣದ ದಿನ ಹೆಜ್ಜೆಗುರುತು, ಹಿಕ್ಕೆ, ಮರಕ್ಕೆ ಕೊಂಬು ಉಜ್ಜಿದ ಗುರುತುಗಳನ್ನು ಓದಲು ಕಲಿಸುವುದು, ‘ಜಿಂಕೆ ಖಂಡಿತ’ ಎಂಬ ಮಾತನ್ನು ಜಾಹೀರಾತಿನಿಂದ ತೆಗೆಯುವುದು, ಇಷ್ಟನ್ನು ಇಬ್ಬರೂ ಕೂಡಿ ಯೋಚಿಸಿದೆವು. ಸಾಲದ ಎರಡು ಕಂತುಗಳನ್ನು ನಾನು ಕಟ್ಟಿದೆ. ಉಪದೇಶ ಮಾತ್ರ ಕಳಿಸಿ ಕೂರುವುದು ಸರಿ ಕಾಣಲಿಲ್ಲ.

ಅವನು ಅವರೆಯನ್ನು ಬಿತ್ತಿದ, ಆದರೆ ಮನೆಯ ಮುಂದಿನ ಅಂಗಳದಂಚಿನಲ್ಲಿ, ಬೇಲಿಯೊಳಗೆ, ಅಡುಗೆಮನೆಗೆ ಬೇಕಾಗುವಷ್ಟು. ಪುಷ್ಯಮಾಸದಲ್ಲಿ ಊರಿಗೆ ಹೋದಾಗ ಅತಿಥಿಗಳೆಲ್ಲ ಅಂಗಳದಲ್ಲಿ ಕೂತು ಸೊಗಡವರೆ ಸುಲಿಯುತ್ತಿದ್ದರು. ಆ ದಿನ ಯಾರಿಗೂ ಜಿಂಕೆ ಕಂಡಿರಲಿಲ್ಲ. ಕತ್ತಲಾದ ಮೇಲೆ ಕಾಡಿನ ಕಡೆಯಿಂದ ಒಂದು ಕಡವೆ ಎರಡು ಸಲ ಕೂಗಿತು; ಸುಲಿಯುತ್ತಿದ್ದ ಕೈಗಳು ನಿಂತವು.