ಮನದ ಭಾರ, ಬೆನ್ನಿನ ನೋವು

ಮಗಳ ಮದುವೆಯ ಸಾಲ, ಮಗನ ಪರೀಕ್ಷೆ, ಅತ್ತೆಯ ಕಾಯಿಲೆ. ಇವುಗಳ ನಡುವೆ ಮನೆಯ ತಾಯಿ "ಬೆನ್ನು ನೋಯುತ್ತಿದೆ" ಎನ್ನುತ್ತಾಳೆ. ಎಕ್ಸ್‌ರೇ ತೆಗೆಸಿದರೆ ಏನೂ ಕಾಣುವುದಿಲ್ಲ. "ಎಲ್ಲಾ ನಿನ್ನ ಭ್ರಮೆ" ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಆ ನೋವು ಭ್ರಮೆಯಲ್ಲ.

ಚಿಂತೆ, ಕೋಪ, ಭಯ ನಮ್ಮನ್ನು ಆವರಿಸಿದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಕುತ್ತಿಗೆ, ಹೆಗಲು, ಬೆನ್ನಿನ ಸ್ನಾಯುಗಳು ಬಿಗಿಯುತ್ತವೆ. ಚಿಂತೆ ಕಳೆದರೆ ಬಿಗಿತವೂ ಸಡಿಲವಾಗುತ್ತದೆ. ಕಳೆಯದಿದ್ದರೆ ಬೆನ್ನೆಲುಬಿನ ಇಕ್ಕೆಲದ ಸ್ನಾಯುಗಳಿಗೆ ವಿಶ್ರಾಂತಿಯೇ ಇಲ್ಲ. ನಿದ್ದೆಗೆಟ್ಟರೆ ಸಣ್ಣ ನೋವೂ ದೊಡ್ಡದಾಗುತ್ತದೆ. ನೋವಿಗೆ ಹೆದರಿ ಮಲಗಿಯೇ ಇದ್ದರೆ ಸ್ನಾಯುಗಳು ಸೊರಗಿ ನೋವು ಬೇರೂರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. ಸೊಂಟನೋವಿನಲ್ಲಿ ಶೇ. 90ರಷ್ಟಕ್ಕೆ ಇಂಥದೇ ರೋಗ ಕಾರಣವೆಂದು ಬೆರಳಿಟ್ಟು ತೋರಿಸಲಾಗದು.

ಹಾಗೆಂದು ಎಲ್ಲ ನೋವಿಗೂ ಚಿಂತೆಯೇ ಕಾರಣವಲ್ಲ. ಬೆನ್ನುನೋವಿನೊಂದಿಗೆ ಜ್ವರ ಬಂದರೆ, ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗೋಣ. ಉಳಿದಂತೆ ದಿನವೂ ಸ್ವಲ್ಪ ನಡೆಯೋಣ, ನಿದ್ದೆಗೆ ಸಮಯ ಕೊಡೋಣ. ಎಲ್ಲಕ್ಕಿಂತ ಮೊದಲು ಆ ತಾಯಿಯ ಪಕ್ಕ ಕುಳಿತು, "ಏನಮ್ಮಾ ನಿನ್ನ ಚಿಂತೆ?" ಎಂದು ಕೇಳೋಣ; ಅವಳ ಹೊರೆಯಲ್ಲಿ ಒಂದು ಪಾಲನ್ನು ನಾವೂ ಹೊರೋಣ.