ಐದು ಬಣ್ಣದ ಕಟ್ಟು, ಹತ್ತು ಹೆಬ್ಬಾಗಿಲು

ಇಸ್ಪೀಟಿನ ಎಲೆಯೆಂದರೆ ನಮ್ಮ ಮನೆತನಗಳ ಹಿರಿಯರು ಮುಖ ಸಿಂಡರಿಸುವುದು ಇಂದು ನಿನ್ನೆಯ ಮಾತಲ್ಲ. ಎಲೆಯ ಹಿಂದೆ ಪಣ, ಪಣದ ಹಿಂದೆ ಸಾಲ, ಸಾಲದ ಹಿಂದೆ ಹೊಲಮನೆಗಳ ಹರಾಜು ಬಂದುದನ್ನು ಕಣ್ಣಾರೆ ಕಂಡವರು ನಾವು. ಆದ್ದರಿಂದ ಕಳೆದ ವರ್ಷ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಹದಿಮೂರು ವರ್ಷದ ಮೊಮ್ಮಗನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಯ ತುಂಬ ಚಿತ್ರದ ಎಲೆಗಳನ್ನು ಕಂಡು ನಮಗೆ ಕಸಿವಿಸಿಯಾಯಿತು. ಮಗಳ ಕಳವಳ ಇನ್ನೂ ಹೆಚ್ಚಿನದು. “ಅಪ್ಪಾಜಿ, ಹುಟ್ಟುಹಬ್ಬಕ್ಕೆ ಬಂದ ಹಣವನ್ನೆಲ್ಲ ಇದಕ್ಕೇ ಸುರಿದಿದ್ದಾನೆ. ಪೆಟ್ಟಿಗೆಯನ್ನೇ ಎತ್ತಿಟ್ಟುಬಿಡಬೇಕೆಂದಿದ್ದೇನೆ. ನೀವೇ ಒಂದು ಮಾತು ಹೇಳಿ” ಎಂದಳು. ತೀರ್ಪು ಕೊಡುವ ಮೊದಲು ವಿಷಯವನ್ನು ತಿಳಿಯುವುದು ನ್ಯಾಯವೆಂದು ನಾವು ಎರಡು ದಿನಗಳ ಅವಧಿ ಕೇಳಿದೆವು. ಆ ಎರಡು ದಿನಗಳಲ್ಲಿ ಕಲಿತುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಗಣಿತಜ್ಞನ ಕೈಯ ಆಟ

ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಇದನ್ನು ರಚಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞರು. ವಸ್ತುಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದೆಂದು ಲೆಕ್ಕ ಹಾಕುವ ಗಣಿತಶಾಖೆಯಲ್ಲಿ ಅವರು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಸಂಸ್ಥೆ 1993ರಲ್ಲಿ ಈ ಆಟವನ್ನು ಮಾರುಕಟ್ಟೆಗೆ ತಂದಿತು. ಮೊದಲ ಮುದ್ರಣದಲ್ಲಿ 295 ಬಗೆಯ ಎಲೆಗಳಿದ್ದವು. ಇಂದು ಅವು ಹಲವು ಸಾವಿರಗಳಾಗಿವೆ.

ನಮ್ಮ ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು. ಇಲ್ಲಿ ಹಾಗಲ್ಲ. ಆಟಗಾರನು ತನಗೆ ಬೇಕಾದ ಎಲೆಗಳನ್ನು ಆರಿಸಿ, ಕನಿಷ್ಠ 60 ಎಲೆಗಳ ಸ್ವಂತ ಕಟ್ಟನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಂಡು ಬರಬೇಕು. ಮೂಲ ಭೂಮಿಯ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿರಬಾರದು. ಇಬ್ಬರಿಗೂ ತಲಾ 20 ಪ್ರಾಣಾಂಕಗಳು. ಎದುರಾಳಿಯ ಅಂಕಗಳನ್ನು ಸೊನ್ನೆಗಿಳಿಸುವುದು ಸಾಮಾನ್ಯವಾದ ಗೆಲುವಿನ ದಾರಿ.

ಪಣದ ವಿಚಾರವನ್ನು ಮೊದಲೇ ವಿಚಾರಿಸಿಕೊಂಡೆವು. ಆರಂಭದ ನಿಯಮಗಳಲ್ಲಿ ಇಬ್ಬರೂ ತಮ್ಮ ಕಟ್ಟಿನ ಒಂದೊಂದು ಎಲೆಯನ್ನು ಪಣವಾಗಿಟ್ಟು, ಗೆದ್ದವನು ಅವನ್ನು ಒಯ್ಯುವ ಪದ್ಧತಿ ಇದ್ದುದು ನಿಜ. ಆ ಪದ್ಧತಿಯನ್ನು ಮುಂದೆ ಕೈಬಿಡಲಾಯಿತು. ಪಣಕ್ಕೆ ಸಂಬಂಧಿಸಿದ ಎಲೆಗಳು ಇಂದು ಅಧಿಕೃತ ಪಂದ್ಯಗಳಲ್ಲಿ ನಿಷಿದ್ಧ. ಇದನ್ನು ಕೇಳಿ ನಮ್ಮ ಮನಸ್ಸು ಅರ್ಧ ಹಗುರಾಯಿತು.

ಬಣ್ಣ ಹೆಚ್ಚಿದಷ್ಟೂ ಕಷ್ಟ

ಆಟದ ಜೀವಾಳ ಐದು ಬಣ್ಣಗಳು. ಬಿಳಿ ಶಾಂತಿ ಮತ್ತು ಕಟ್ಟಳೆಯದು, ನೀಲಿ ಜ್ಞಾನದ್ದು, ಕಪ್ಪು ಸ್ವಾರ್ಥ ಮತ್ತು ಅಧಿಕಾರದ್ದು, ಕೆಂಪು ಆವೇಶದ್ದು, ಹಸಿರು ಪ್ರಕೃತಿಯ ಬೆಳವಣಿಗೆಯದು. ಪ್ರತಿಯೊಂದಕ್ಕೂ ಒಂದೊಂದು ಭೂಮಿ: ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು. ಸರದಿಗೊಂದರಂತೆ ಭೂಮಿಯನ್ನು ಹಾಸಬೇಕು. ಹಾಸಿದ ಭೂಮಿಯನ್ನು ಅಡ್ಡಕ್ಕೆ ತಿರುಗಿಸಿದರೆ ಆ ಬಣ್ಣದ ಒಂದು ಶಕ್ತಿ ದೊರೆಯುತ್ತದೆ. ಆ ಶಕ್ತಿಯನ್ನು ಬೆಲೆಯಾಗಿ ತೆತ್ತೇ ಉಳಿದ ಎಲೆಗಳನ್ನು ಪ್ರಯೋಗಿಸಬೇಕು.

ಒಂದೇ ಬಣ್ಣದ ಕಟ್ಟು ಕಟ್ಟುವುದು ಸುಲಭ. 60 ಎಲೆಗಳಲ್ಲಿ 24 ಭೂಮಿಗಳಿದ್ದು ಎಲ್ಲವೂ ಒಂದೇ ಬಣ್ಣದವಾದರೆ, ಮೊದಲು ಕೈಗೆ ಬರುವ ಏಳು ಎಲೆಗಳಲ್ಲಿ ಬೇಕಾದ ಬಣ್ಣದ ಒಂದಾದರೂ ಭೂಮಿ ಇರುವ ಸಂಭವ ನೂರಕ್ಕೆ 98. ಅದೇ 24 ಭೂಮಿಗಳನ್ನು ಐದು ಬಣ್ಣಗಳಿಗೆ ಹಂಚಿ ಒಂದಕ್ಕೆ ಐದೇ ಉಳಿದರೆ, ಆ ಬಣ್ಣ ಮೊದಲ ಕೈಯಲ್ಲಿ ಸಿಗುವ ಸಂಭವ ನೂರಕ್ಕೆ 47ಕ್ಕೆ ಕುಸಿಯುತ್ತದೆ. ಕಾಗದದ ಮೇಲೆ ನಾವೇ ಈ ಲೆಕ್ಕ ಮಾಡಿ ನೋಡಿದೆವು. ಕೈತುಂಬ ಎಲೆಗಳಿದ್ದೂ ಒಂದನ್ನೂ ಪ್ರಯೋಗಿಸಲಾಗದ ಸಂಕಟವೇ ಐದು ಬಣ್ಣದವನ ಪಾಡು. ಆದ್ದರಿಂದ ಬಲ್ಲ ಆಟಗಾರರಲ್ಲಿ ಬಹುಮಂದಿ ಒಂದು, ಎರಡು, ಹೆಚ್ಚೆಂದರೆ ಮೂರು ಬಣ್ಣಗಳಿಗೇ ನಿಲ್ಲುತ್ತಾರೆ.

ನಮ್ಮ ಹುಡುಗ ಹಿಡಿದದ್ದು ಐದನ್ನೂ.

ಹತ್ತು ದ್ವಾರಗಳ ಉಪಾಯ

ಈ ಆಟದ ಕಥಾಲೋಕದಲ್ಲಿ ರಾವ್ನಿಕಾ ಎಂಬ ಮಹಾನಗರವಿದೆ. ಐದು ಬಣ್ಣಗಳನ್ನು ಎರಡೆರಡಾಗಿ ಜೋಡಿಸಿದರೆ ಹತ್ತು ಜೋಡಿಗಳಾಗುತ್ತವೆ; ಅಲ್ಲಿರುವುದೂ ಹತ್ತು ಸಂಘಗಳು. ಬಿಳಿ-ನೀಲಿಗಳದು ಅಜೋರಿಯಸ್, ಕೆಂಪು-ಬಿಳಿಗಳದು ಬೋರೋಸ್, ಕಪ್ಪು-ಹಸಿರುಗಳದು ಗೋಲ್ಗಾರಿ, ಹೀಗೆ. ಒಂದೊಂದು ಸಂಘಕ್ಕೂ ಒಂದು ಹೆಬ್ಬಾಗಿಲು. ಆ ದ್ವಾರದ ಎಲೆಯೂ ಒಂದು ಭೂಮಿಯೇ. ಅದು ತನ್ನ ಸಂಘದ ಎರಡು ಬಣ್ಣಗಳಲ್ಲಿ ಬೇಕಾದುದನ್ನು ಕೊಡುತ್ತದೆ. ಆದರೆ ಹಾಸುವಾಗಲೇ ಅಡ್ಡಕ್ಕೆ ಬೀಳುವುದರಿಂದ ಆ ಸರದಿಗೆ ಅದರಿಂದ ಪ್ರಯೋಜನವಿಲ್ಲ. ನಿಧಾನವೆಂದು ಜೋರಿನ ಆಟಗಾರರು ಇವನ್ನು ಬದಿಗೆ ಸರಿಸುತ್ತಾರೆ. ಅಂಗಡಿಗಳಲ್ಲಿ ಬಿಡಿಯಾಗಿ ಅಗ್ಗಕ್ಕೆ ದೊರೆಯುತ್ತವೆ.

2013ರ ‘ಡ್ರಾಗನ್ಸ್ ಮೇಜ್’ ಎಂಬ ಸಂಚಿಕೆಯಲ್ಲಿ ‘ಮೇಜಸ್ ಎಂಡ್’ ಎಂಬ ಭೂಮಿ ಬಂದಿತು. ಮೂರು ಶಕ್ತಿಗಳನ್ನು ತೆತ್ತು, ಅದನ್ನು ತಿರುಗಿಸಿ ಕೈಗೆ ಹಿಂದಕ್ಕೆತ್ತಿಕೊಂಡರೆ, ಕಟ್ಟಿನೊಳಗಿನಿಂದ ಒಂದು ದ್ವಾರವನ್ನು ಹುಡುಕಿ ಹಾಸಬಹುದು. ಹೀಗೆ ಮಾಡಿದಾಗ ಮುಂದೆ ಬೇರೆ ಬೇರೆ ಹೆಸರಿನ ಹತ್ತು ದ್ವಾರಗಳಿದ್ದರೆ ಆಟ ಅಲ್ಲಿಗೇ ಗೆದ್ದಂತೆ. ಎದುರಾಳಿಯ ಒಂದು ಅಂಕವನ್ನೂ ಕಳೆಯಬೇಕಾಗಿಲ್ಲ.

ಮೊಮ್ಮಗನ ಕಟ್ಟಿನಲ್ಲಿ ಹತ್ತು ದ್ವಾರಗಳೂ ಎರಡೆರಡು, ‘ಮೇಜಸ್ ಎಂಡ್’ ನಾಲ್ಕು. ಒಂದೊಂದು ಬಣ್ಣವೂ ನಾಲ್ಕು ಸಂಘಗಳಲ್ಲಿರುವುದರಿಂದ ಪ್ರತಿ ಬಣ್ಣಕ್ಕೂ ಎಂಟು ಮೂಲಗಳಾದವು. 47ರ ಸಂಭವ 65ಕ್ಕೇರಿತು. ಒಂದು ದ್ವಾರವನ್ನು ಎದುರಾಳಿ ನಾಶಮಾಡಿದರೆ ಅದರ ಜೊತೆಯದು ಕಟ್ಟಿನಲ್ಲಿರುತ್ತದೆ ಎಂಬುದು ಎರಡೆರಡು ಇಟ್ಟುದರ ಇನ್ನೊಂದು ಕಾರಣ.

ಉಳಿದದ್ದು ಕಾಲದ ಪ್ರಶ್ನೆ. ಮೊದಲ ಮೂರು ಸರದಿಗಳಲ್ಲಿ ಮೂರು ದ್ವಾರ, ನಾಲ್ಕನೆಯದರಲ್ಲಿ ‘ಮೇಜಸ್ ಎಂಡ್’, ಐದರಿಂದ ಸರದಿಗೊಂದು ದ್ವಾರ. ಎಲ್ಲವೂ ಸುಸೂತ್ರವಾಗಿ ನಡೆದರೆ ಹತ್ತನೆಯದು ನಿಲ್ಲುವುದು 11ನೇ ಸರದಿಗೆ. ಜೋರಿನ ಕೆಂಪು ಕಟ್ಟಾದರೋ ಐದಾರು ಸರದಿಗಳಲ್ಲೇ ಎದುರಾಳಿಯನ್ನು ಮುಗಿಸಬಲ್ಲದು. ಅಲ್ಲಿಯವರೆಗೆ ತಾಳಿಕೊಳ್ಳಲು ಹುಡುಗ ‘ಫಾಗ್’ ಎಂಬ ಮಂಜಿನ ಎಲೆ, ‘ಹೋಲಿ ಡೇ’ ಎಂಬ ಬಿಳಿಯ ಎಲೆ, ಎರಡು ಸಲ ಬಳಸಬಹುದಾದ ‘ಮೊಮೆಂಟ್ಸ್ ಪೀಸ್’ ಇವನ್ನು ನಾಲ್ಕು ನಾಲ್ಕು ಸೇರಿಸಿದ್ದ. ಇವು ಆ ಸರದಿಯ ಕಾಳಗದ ಪೆಟ್ಟನ್ನೆಲ್ಲ ತಡೆಯುತ್ತವೆ. ದ್ವಾರಗಳು ಎರಡಿದ್ದರೆ ಏಳು ಪ್ರಾಣಾಂಕ ಕೊಡುವ ‘ಸರೂಲಿ ಗೇಟ್‌ಕೀಪರ್ಸ್’ ಎಂಬ ಕಾವಲುಗಾರರೂ ಇದ್ದರು.

ಎರಡು ಆಟಗಳು

ಎರಡನೆಯ ದಿನ ನೆರೆಮನೆಯ ಹುಡುಗ ತನ್ನ ಕೆಂಪು ಕಟ್ಟಿನೊಂದಿಗೆ ಬಂದ. ಮಗಳೂ ಕೈಕೆಲಸ ಬಿಟ್ಟು ಬಂದು ಕುಳಿತಳು. ಮೊದಲ ಆಟದಲ್ಲಿ ಮೊಮ್ಮಗ ಸೋತ. ಮಂಜು ತಡೆಯುವುದು ಕಾಳಗದ ಪೆಟ್ಟನ್ನು ಮಾತ್ರ. ‘ಲೈಟ್ನಿಂಗ್ ಬೋಲ್ಟ್’ ಎಂಬ ಸಿಡಿಲಿನ ಎಲೆ ನೇರವಾಗಿ ಮೂರು ಅಂಕ ಕಿತ್ತುಕೊಳ್ಳುತ್ತದೆ. ಆರು ದ್ವಾರಗಳು ನಿಂತಿದ್ದಾಗ ಅವನ ಪ್ರಾಣಾಂಕ ಮುಗಿಯಿತು. ಅವನು ಎಲೆಗಳನ್ನು ಎಸೆಯಲಿಲ್ಲ, ಗೆಳೆಯನನ್ನು ಜರೆಯಲೂ ಇಲ್ಲ. ಕೈ ಚಾಚಿ ಅಭಿನಂದಿಸಿ, ಮತ್ತೆ ಕಲಸಲು ಕುಳಿತ. ಮಗಳು ನಮ್ಮ ಕಡೆ ನೋಡಿದಳು.

ಎರಡನೆಯ ಆಟದಲ್ಲಿ ಅವನು ಕಾವಲುಗಾರರನ್ನು ಬೇಗನೆ ಇಳಿಸಿ ಅಂಕ ಉಳಿಸಿಕೊಂಡ. ಎದುರಾಳಿ ಎರಡು ಬಾರಿ ನುಗ್ಗಿದಾಗ ಎರಡು ಬಾರಿಯೂ ಮಂಜು ಕವಿಯಿತು. ಒಂಬತ್ತು ದ್ವಾರಗಳು ಸಾಲಾಗಿ ನಿಂತಾಗ ಅವನಲ್ಲಿ ಉಳಿದಿದ್ದುದು ಎರಡೇ ಅಂಕ. ಇನ್ನೊಂದು ಸಿಡಿಲು ಬಂದಿದ್ದರೆ ಮುಗಿಯುತ್ತಿತ್ತು, ಬರಲಿಲ್ಲ. ಮೂರು ದ್ವಾರಗಳನ್ನು ಅಡ್ಡಕ್ಕೆ ತಿರುಗಿಸಿ, ‘ಮೇಜಸ್ ಎಂಡ್’ ಎತ್ತಿಕೊಂಡು, ಕಟ್ಟಿನೊಳಗಿಂದ ಸಿಮಿಕ್ ಸಂಘದ ದ್ವಾರವನ್ನು ತೆಗೆದಿಟ್ಟ. “ಅಜ್ಜಾ, ಎಣಿಸಿರಿ” ಎಂದ. ನಾವು ಎಣಿಸಿದೆವು. ಹತ್ತು.

ನಮ್ಮ ತೀರ್ಪು

ಮಗಳ ಚಿಂತೆ ಆಧಾರವಿಲ್ಲದ್ದೇನೂ ಅಲ್ಲ. ಹಣ ಹೋಗುತ್ತಿದ್ದುದು ಆಟಕ್ಕಲ್ಲ, ಮುಚ್ಚಿದ ಪೊಟ್ಟಣಗಳಿಗೆ. ಒಳಗೇನಿದೆಯೆಂದು ತಿಳಿಯದೆ, ಅಪರೂಪದ ಎಲೆ ಸಿಕ್ಕೀತೆಂಬ ಆಸೆಯಿಂದ ಒಂದರ ಮೇಲೊಂದು ಪೊಟ್ಟಣ ಹರಿಯುವುದು ಲಾಟರಿಯ ಚಟಕ್ಕೆ ದೂರದ್ದಲ್ಲ. ಇದನ್ನು ಮೊಮ್ಮಗನಿಗೆ ನೇರವಾಗಿಯೇ ಹೇಳಿದೆವು. ಹೆಬ್ಬಾಗಿಲ ಕಟ್ಟಿನ ಬಹುಪಾಲು ಎಲೆಗಳನ್ನು ಅವನು ಬಿಡಿಯಾಗಿ, ಬೆಲೆ ಕೇಳಿ ಕೊಂಡಿದ್ದನೆಂದೂ, ಪೆಟ್ಟಿಗೆಯಲ್ಲಿ ಕೆಲಸಕ್ಕೆ ಬಾರದೆ ಬಿದ್ದಿದ್ದುದೆಲ್ಲ ಪೊಟ್ಟಣದ ಎಲೆಗಳೆಂದೂ ಅವನ ಬಾಯಿಂದಲೇ ಹೊರಬಂತು.

ಕೊನೆಗೆ ಮೂವರೂ ಒಪ್ಪಿದ ಕರಾರು ಇಷ್ಟು: ಪೆಟ್ಟಿಗೆ ಅವನಲ್ಲೇ ಇರಲಿ, ಪೊಟ್ಟಣ ಕೊಳ್ಳುವುದು ನಿಲ್ಲಲಿ, ಬೇಕಾದ ಎಲೆಯ ಹೆಸರು, ಬೆಲೆ, ಕಾರಣಗಳನ್ನು ಬರೆದು ತಾಯಿಗೆ ತೋರಿಸಿ ತಿಂಗಳಿಗೊಮ್ಮೆ ಕೊಳ್ಳಲಿ, ಪಾಠ ಮುಗಿದ ಮೇಲೆ ಆಡಲಿ. ಇಂಥ ಪೆಟ್ಟಿಗೆಗಳು ಇರುವ ಮನೆಗಳ ತಂದೆತಾಯಿಗಳಿಗೆ ನಮ್ಮ ವಿನಂತಿಯೂ ಒಂದೇ. ಮುಚ್ಚಳ ಮುಚ್ಚುವ ಮೊದಲು ಒಂದು ಸಂಜೆ ಮಗುವಿನ ಎದುರಿಗೆ ಕುಳಿತು ಆಟ ಹೇಳಿಸಿಕೊಳ್ಳಿರಿ.

ನಾವು ಊರಿಗೆ ಮರಳಿದ ಮೇಲೆ ಅವನ ಮೊದಲ ಪಟ್ಟಿ ಪತ್ರದಲ್ಲಿ ಬಂದಿತು. ಅದರಲ್ಲಿ ಎರಡೇ ಎಲೆಗಳ ಹೆಸರುಗಳಿದ್ದವು. ಕೆಳಗೆ ಅವನ ತಾಯಿಯ ರುಜುವಿತ್ತು.