ಆಕಾಶದಲ್ಲಿ ಸಾವಿರ ಅಡಿಯ ಲೆಕ್ಕ

1996ರ ನವೆಂಬರ್ 12ರ ಸಂಜೆ. ದೆಹಲಿಯಿಂದ ಆಗಷ್ಟೇ ಮೇಲೇರಿದ್ದ ಸೌದಿ ಅರೇಬಿಯದ ಬೋಯಿಂಗ್ 747 ವಿಮಾನಕ್ಕೆ 14 ಸಾವಿರ ಅಡಿಯಲ್ಲಿ ನಿಲ್ಲುವಂತೆ ಸೂಚನೆಯಿತ್ತು. ಎದುರಿನಿಂದ ದೆಹಲಿಯತ್ತ ಇಳಿದು ಬರುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ 76 ವಿಮಾನಕ್ಕೆ 15 ಸಾವಿರ ಅಡಿಯವರೆಗೆ ಮಾತ್ರ ಇಳಿಯಲು ಅನುಮತಿ. ನಡುವೆ ಸಾವಿರ ಅಡಿ ಅಂತರ. ನಿಯಮವೇನೋ ಸರಿಯಾಗಿಯೇ ಇತ್ತು. ಆದರೆ ಕಜಕ್ ವಿಮಾನ 15 ಸಾವಿರದಲ್ಲಿ ನಿಲ್ಲಲಿಲ್ಲ. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ಡಿಕ್ಕಿ ಹೊಡೆದವು. ಎರಡೂ ವಿಮಾನಗಳಲ್ಲಿದ್ದ 349 ಮಂದಿಯೂ ಸತ್ತರು. ಆಗಸದಲ್ಲಿ ನಡೆದ ಡಿಕ್ಕಿಗಳಲ್ಲಿ ಅತಿ ಹೆಚ್ಚು ಜೀವಗಳನ್ನು ಬಲಿ ಪಡೆದದ್ದು ಇಂದಿಗೂ ಇದೇ.

ಸಾವಿರ ಅಡಿ ಎಂದರೆ ಎಷ್ಟು? ಜೋಗದಲ್ಲಿ ನೀರು ಧುಮುಕುವುದು ಸುಮಾರು 830 ಅಡಿ. ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಗಂಟೆಗೆ 900 ಕಿ.ಮೀ. ವೇಗದ ಎರಡು ಜೆಟ್ ವಿಮಾನಗಳು ಎದುರುಬದುರಾದರೆ ಸೆಕೆಂಡಿಗೆ ಅರ್ಧ ಕಿಲೋಮೀಟರ್‌ನಂತೆ ಹತ್ತಿರವಾಗುತ್ತವೆ. ಪೈಲಟ್ ಕಣ್ಣಿಟ್ಟು ನೋಡಿ, ತೀರ್ಮಾನಿಸಿ, ತಿರುಗಿಸುವಷ್ಟು ವ್ಯವಧಾನ ಅಲ್ಲಿಲ್ಲ. ಹೀಗಾಗಿ ಒಂದನ್ನೊಂದು ಮೇಲೆ ಕೆಳಗೆ ಇಟ್ಟು ಹಾರಿಸುವುದೇ ದಾರಿ. ಹಾಗೆ ಇಡಬೇಕಾದರೆ ಪ್ರತಿ ವಿಮಾನಕ್ಕೂ ತನ್ನ ಎತ್ತರ ಎಷ್ಟೆಂದು ಗೊತ್ತಿರಬೇಕು.

ವಿಚಿತ್ರವೆಂದರೆ, ಅದು ಗೊತ್ತಿರುವುದಿಲ್ಲ. ವಿಮಾನದ ಆಲ್ಟಿಮೀಟರ್ ಎತ್ತರವನ್ನು ಅಳೆಯುವುದೇ ಇಲ್ಲ. ಅಳೆಯುವುದು ಗಾಳಿಯ ಒತ್ತಡವನ್ನು. ಮೇಲೇರಿದಂತೆ ಒತ್ತಡ ಇಳಿಯುತ್ತದೆ. ಆ ಇಳಿತವನ್ನು ಉಪಕರಣ ಅಡಿಗಳ ಲೆಕ್ಕಕ್ಕೆ ತಿರುಗಿಸಿ ತೋರಿಸುತ್ತದೆ. ಆದರೆ ಒತ್ತಡ ಊರಿಂದ ಊರಿಗೆ, ದಿನದಿಂದ ದಿನಕ್ಕೆ ಬೇರೆ. ಆದ್ದರಿಂದ ನೆಲದ ಹತ್ತಿರ ಇರುವಾಗ ಪೈಲಟ್ ಆಯಾ ನಿಲ್ದಾಣ ತಿಳಿಸುವ ಒತ್ತಡದ ಅಂಕಿಗೆ ಉಪಕರಣವನ್ನು ಹೊಂದಿಸಿಕೊಳ್ಳುತ್ತಾನೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇ ಮೇಲೆ ನಿಂತ ವಿಮಾನದ ಆಲ್ಟಿಮೀಟರ್ ಸೊನ್ನೆ ತೋರಿಸದೆ ಸುಮಾರು 3,000 ಅಡಿ ತೋರಿಸುವುದು ಇದರಿಂದಲೇ. ಊರು ಸಮುದ್ರಮಟ್ಟದಿಂದ ಅಷ್ಟು ಮೇಲಿದೆ.

ಎತ್ತರಕ್ಕೆ ಏರಿದ ಮೇಲೆ ಈ ಸ್ಥಳೀಯ ಲೆಕ್ಕವನ್ನು ಕೈಬಿಡಲಾಗುತ್ತದೆ. ಎಲ್ಲ ದೇಶಗಳ, ಎಲ್ಲ ಕಂಪನಿಗಳ ಪೈಲಟ್‌ಗಳೂ ಒಂದೇ ಅಂಕಿಗೆ, ಅಂದರೆ 1013.25 ಹೆಕ್ಟೊಪಾಸ್ಕಲ್‌ಗೆ (ಹಳಬರ ಬಾಯಲ್ಲಿ ಇದು ಮಿಲಿಬಾರ್) ಉಪಕರಣವನ್ನು ಇಡುತ್ತಾರೆ. ಕೆಳಗಿನ ನಿಜವಾದ ಒತ್ತಡ ಅಂದು ಅದಾಗಿರಬೇಕೆಂದೇನೂ ಇಲ್ಲ. ಹಾಗಾಗಿ 35 ಸಾವಿರ ಎಂದು ತೋರಿಸುತ್ತಿರುವ ವಿಮಾನ ನಿಜಕ್ಕೂ ಕೆಲವು ನೂರು ಅಡಿ ಮೇಲೋ ಕೆಳಗೋ ಇರಬಹುದು. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಊರಿನ ಗಡಿಯಾರಗಳೆಲ್ಲ ಹತ್ತು ನಿಮಿಷ ಮುಂದಿದ್ದು, ಬಸ್ ಡ್ರೈವರನ ಗಡಿಯಾರವೂ ಹಾಗೆಯೇ ಇದ್ದರೆ ಯಾರಿಗೂ ಬಸ್ ತಪ್ಪುವುದಿಲ್ಲವಲ್ಲ! ಎಲ್ಲರ ತಪ್ಪೂ ಒಂದೇ ಆದ್ದರಿಂದ ನಡುವಿನ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಈ ಒಪ್ಪಂದದ ಎತ್ತರಕ್ಕೆ 'ಫ್ಲೈಟ್ ಲೆವೆಲ್' ಎಂದು ಹೆಸರು. 35 ಸಾವಿರ ಅಡಿ ಎಂದರೆ ಲೆವೆಲ್ 350.

ತಾಪತ್ರಯ ಇರುವುದು ಒಂದು ಉಪಕರಣಕ್ಕೂ ಇನ್ನೊಂದಕ್ಕೂ ನಡುವಿನ ವ್ಯತ್ಯಾಸದಲ್ಲಿ. ಸಮುದ್ರಮಟ್ಟದಲ್ಲಿ ಒಂದು ಹೆಕ್ಟೊಪಾಸ್ಕಲ್ ಎಂದರೆ ಸುಮಾರು 27 ಅಡಿ. ಗಾಳಿ ತೆಳುವಾದ 39 ಸಾವಿರ ಅಡಿಯಲ್ಲಿ ಅದೇ ಒಂದು ಹೆಕ್ಟೊಪಾಸ್ಕಲ್ ನೂರು ಅಡಿಗೂ ಮಿಕ್ಕುತ್ತದೆ. ಕೆಳಗೆ ಲೆಕ್ಕಕ್ಕೇ ಬಾರದ ತಪ್ಪು ಮೇಲೆ ನಾಲ್ಕು ಪಟ್ಟು ಆಗುತ್ತದೆ. ಇದು 1950ರ ದಶಕದ ಕೊನೆಯ ಹೊತ್ತಿಗೆ ತಜ್ಞರ ಗಮನಕ್ಕೆ ಬಂತು. ಜೆಟ್‌ಗಳು ಆ ಎತ್ತರಕ್ಕೆ ಏರತೊಡಗಿದ ಕಾಲ ಅದು. 1960ರಲ್ಲಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 29 ಸಾವಿರ ಅಡಿಗಿಂತ ಮೇಲೆ ಅಂತರವನ್ನು ಸಾವಿರದಿಂದ ಎರಡು ಸಾವಿರ ಅಡಿಗೆ ಏರಿಸಿತು. ಉಪಕರಣದ ಮೇಲೆ ನಂಬಿಕೆಯಿಲ್ಲದಿದ್ದರೆ ಜಾಗ ಬಿಡಬೇಕು, ಬೇರೆ ದಾರಿಯಿಲ್ಲ.

ಈ ಎಚ್ಚರಿಕೆಗೆ ಬೆಲೆಯನ್ನೂ ತೆರಬೇಕಾಯಿತು. ಜೆಟ್‌ಗಳಿಗೆ ಹೆಚ್ಚು ಇಷ್ಟವಾದ 29ರಿಂದ 41 ಸಾವಿರ ಅಡಿಯ ನಡುವೆ ಉಳಿದದ್ದು ಏಳೇ ಮಟ್ಟಗಳು. ಅವುಗಳಲ್ಲಿ ನಾಲ್ಕು ಪೂರ್ವಕ್ಕೆ ಹೋಗುವವರಿಗೆ, ಮೂರು ಪಶ್ಚಿಮಕ್ಕೆ. ಇಂಧನ ಉರಿದು ಭಾರ ಇಳಿದಂತೆ ಜೆಟ್ ಇನ್ನಷ್ಟು ಮೇಲೆ ಹೋದರೆ ಲಾಭ. ಬೇಕಾದ ಮಟ್ಟ ಸಿಗದವರು ಕೆಳಗೇ ಹಾರಿ ಹೆಚ್ಚು ಎಣ್ಣೆ ಸುಡಬೇಕು, ಇಲ್ಲವೇ ನೆಲದಲ್ಲೇ ಕಾಯಬೇಕು. 1970ರ ದಶಕದಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಕಂಪನಿಗಳಿಗೆ ಈ ಎರಡು ಸಾವಿರ ಅಡಿ ಚುಚ್ಚತೊಡಗಿತು.

ಹಾರುತ್ತಿರುವ ವಿಮಾನಗಳ ನಿಜವಾದ ಎತ್ತರವನ್ನು ನೆಲದ ರಾಡಾರ್‌ಗಳಿಂದ ಅಳೆದು ನೋಡುವ ಅಧ್ಯಯನಗಳು 1980ರ ದಶಕದಲ್ಲಿ ನಡೆದವು. ಉಪಕರಣಗಳು ಸುಧಾರಿಸಿವೆ, ಮತ್ತೆ ಸಾವಿರಕ್ಕೆ ಇಳಿಸಬಹುದು ಎಂಬ ತೀರ್ಮಾನವಾಯಿತು. 1997ರ ಮಾರ್ಚ್‌ನಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ಮೊದಲ ಪ್ರಯೋಗ. ಯೂರೋಪು 2002ರಲ್ಲಿ, ಭಾರತ 2003ರ ನವೆಂಬರ್ 27ರಂದು, ಅಮೆರಿಕ 2005ರಲ್ಲಿ ಇದನ್ನು ಜಾರಿಗೆ ತಂದವು. ಏಳಿದ್ದ ಮಟ್ಟಗಳು ಹದಿಮೂರಾದವು.

ಸವಲತ್ತು ಎಲ್ಲರಿಗೂ ಇಲ್ಲ. ಪರಸ್ಪರ ಸಂಬಂಧವಿಲ್ಲದ ಎರಡು ಎತ್ತರಮಾಪನ ವ್ಯವಸ್ಥೆಗಳು, ನಿಗದಿತ ಎತ್ತರವನ್ನು 65 ಅಡಿಯೊಳಗೆ ಹಿಡಿದಿಡುವ ಸ್ವಯಂಚಾಲಕ, ಎತ್ತರ ತಪ್ಪಿದರೆ ಎಚ್ಚರಿಸುವ ಸಾಧನ, ನೆಲಕ್ಕೆ ಎತ್ತರವನ್ನು ತಿಳಿಸುವ ಟ್ರಾನ್ಸ್‌ಪಾಂಡರ್ ಇವೆಲ್ಲ ಇರಬೇಕು. ವಿಮಾನದ ಮೈಯಲ್ಲಿ ಒತ್ತಡ ಅಳೆಯಲು ಸಣ್ಣ ರಂಧ್ರಗಳಿರುತ್ತವೆ. ಅವುಗಳ ಸುತ್ತ ತಗಡು ತುಸು ತಗ್ಗಿದರೂ ಗಾಳಿಯ ಹರಿವು ಬದಲಾಗಿ ಅಳತೆ ತಪ್ಪುತ್ತದೆ. ಆದ್ದರಿಂದ ರಿಪೇರಿಯವರು ಆ ಜಾಗದ ನುಣುಪನ್ನೂ ಪರೀಕ್ಷಿಸುತ್ತಾರೆ.

ಇನ್ನು ಹಾರುವ ದಿಕ್ಕು. ಮುಂಬೈಯಿಂದ ಕೋಲ್ಕತ್ತಕ್ಕೆ, ಅಂದರೆ ಪೂರ್ವಕ್ಕೆ ಹೋಗುವ ವಿಮಾನಕ್ಕೆ 33, 35, 37 ಸಾವಿರದಂಥ ಬೆಸ ಮಟ್ಟ. ಮರಳುವಾಗ 34, 36, 38ರಂಥ ಸಮ ಮಟ್ಟ. ಬೆಂಗಳೂರಿನಿಂದ ಮುಂಬೈಗೆ ವಾಯವ್ಯ ದಿಕ್ಕು, ಅದೂ ಸಮ. ಕಿಟಕಿಯ ಪಕ್ಕ ಕುಳಿತವರಿಗೆ ಕೆಲವೊಮ್ಮೆ ಎದುರಿನ ವಿಮಾನವೊಂದು ಬಾಣದಂತೆ ಕೆಳಗೆ ಹಾದುಹೋಗುವುದು ಕಾಣುತ್ತದೆಯಲ್ಲ, ಅದು ಸಾವಿರ ಅಡಿ ಕೆಳಗಿನ ಮಟ್ಟದ್ದಿರಬಹುದು.

ಚರ್ಖಿ ದಾದ್ರಿಯಲ್ಲಿ ಎರಡೂ ವಿಮಾನಗಳು 29 ಸಾವಿರಕ್ಕಿಂತ ತುಂಬ ಕೆಳಗಿದ್ದವು. ತೆಳುಗಾಳಿಯ ತಪ್ಪು ಲೆಕ್ಕಕ್ಕೆ ಅಲ್ಲಿ ಪಾತ್ರವಿರಲಿಲ್ಲ. ಅಂದು ದೆಹಲಿಯ ನಿಯಂತ್ರಕರ ಮುಂದಿದ್ದ ರಾಡಾರ್‌ಗೆ ವಿಮಾನದ ಎತ್ತರ ತೋರಿಸುವ ಶಕ್ತಿಯೇ ಇರಲಿಲ್ಲ. ಪೈಲಟ್‌ಗಳು ಹೇಳಿದ್ದನ್ನು ನಂಬಬೇಕಿತ್ತು. ಬರುವ, ಹೋಗುವ ವಿಮಾನಗಳಿಗೆ ಇದ್ದದ್ದೂ ಒಂದೇ ದಾರಿ. ದುರಂತದ ನಂತರ ದಾರಿಗಳು ಬೇರೆಯಾದವು, ಎತ್ತರ ತೋರಿಸುವ ರಾಡಾರ್ ಬಂತು, ಎದುರಿನ ವಿಮಾನದ ಬಗ್ಗೆ ಪೈಲಟ್‌ಗೆ ನೇರ ಎಚ್ಚರಿಕೆ ನೀಡುವ ಉಪಕರಣವನ್ನು ಭಾರತ ಕಡ್ಡಾಯ ಮಾಡಿತು.

ಎತ್ತರ ಸರಿಯಿದ್ದರೂ ಸಾವಿರ ಅಡಿ ಸಾಲದಾಗುವುದುಂಟು. 2017ರ ಜನವರಿ 7ರಂದು ಅರಬ್ಬೀ ಸಮುದ್ರದ ಮೇಲೆ 34 ಸಾವಿರ ಅಡಿಯಲ್ಲಿದ್ದ ಸಣ್ಣ ಚಾಲೆಂಜರ್ ಜೆಟ್ ಒಂದು, ಸಾವಿರ ಅಡಿ ಮೇಲೆ ಎದುರಿನಿಂದ ಹಾದುಹೋದ ದೈತ್ಯ ಏರ್‌ಬಸ್ 380ರ ಹಿಂದೆ ಎದ್ದ ಗಾಳಿಯ ಸುಳಿಗೆ ಸಿಕ್ಕಿತು. ಮಗುಚಿ ಮಗುಚಿ ಉರುಳುತ್ತಾ ಸುಮಾರು 9 ಸಾವಿರ ಅಡಿ ಕೆಳಗೆ ಬಿತ್ತು. ಪೈಲಟ್‌ಗಳು ಹೇಗೋ ಸಂಭಾಳಿಸಿ ಮಸ್ಕತ್‌ನಲ್ಲಿ ಇಳಿಸಿದರು. ಒಳಗಿದ್ದವರಿಗೆ ಗಾಯಗಳಾದವು; ವಿಮಾನ ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ.

ಸಾಗರಗಳ ಮೇಲೆ ಹಾರುವ ಪೈಲಟ್‌ಗಳಿಗೆ ಗೊತ್ತುಮಾಡಿದ ದಾರಿಯಿಂದ ಎರಡು ನಾಟಿಕಲ್ ಮೈಲಿವರೆಗೆ ಪಕ್ಕಕ್ಕೆ ಸರಿದು ಹಾರಲು ಅವಕಾಶವಿದೆ. ಸರಿಯುವುದು ಬಲಕ್ಕೆ ಮಾತ್ರ, ಎಡಕ್ಕೆ ಕೂಡದು.